ಅದಬ್ ಮತ್ತು ವಿನಯ: ಬ್ಯಾರಿ ಬಾಲಕರ ಧರ್ಮಶಿಕ್ಷಣ

ಪುತ್ತೂರಿನ ದರ್ಬೆ ಮೊದಲಾದೆಡೆಗಳ ಮುಸಲ್ಮಾನರಲ್ಲಿ ಬ್ಯಾರಿಗಳೇ ಬಹುಸಂಖ್ಯಾತರು. ಇವರ ಮಕ್ಕಳು ಮುಂಜಾನೆ ಮದ್ರಸದಲ್ಲಿ ಉಸ್ತಾದರ ಬಳಿ ಓದಿ, ಅನಂತರ ಶಾಲೆಗೆ ಹೋಗುವುದು ವಾಡಿಕೆ. ಮನೆಯ ಮಾತು ಬ್ಯಾರಿ. ಶಾಲೆಯದು ಬಹುಮಟ್ಟಿಗೆ ಕನ್ನಡ. ಮದ್ರಸದ ಪಾಠಭಾಷೆಯಾದರೋ ಬಹುಕಾಲ ಅರಬೀ ಲಿಪಿಯಲ್ಲಿ ಬರೆದ ಮಲಯಾಳ. 1926ರಲ್ಲಿ ಸ್ಥಾಪಿತವಾದ ‘ಸಮಸ್ತ’ ಎಂಬ ಕೇರಳದ ಉಲಮಾ ಸಂಘವು 1951ರಲ್ಲಿ ಮತವಿದ್ಯಾಭ್ಯಾಸ ಮಂಡಲಿಯನ್ನು ಏರ್ಪಡಿಸಿದ ಮೇಲೆ ಈ ಶಿಕ್ಷಣವು ತರಗತಿಗಳ ಕ್ರಮಕ್ಕೆ ಬಂದಿತು. ‘ಅಖ್ಲಾಖ್’, ಎಂದರೆ ಶೀಲ, ಅದರಲ್ಲಿ ಪ್ರತ್ಯೇಕ ವಿಷಯ.

ಬ್ಯಾರಿಗಳು ಅನುಸರಿಸುವ ಶಾಫೀ ಧರ್ಮಶಾಸ್ತ್ರದಲ್ಲಿ ವಯೋಮರ್ಯಾದೆಯು ಸ್ಪಷ್ಟವಾಗಿದೆ. ಏಳು ವರ್ಷ ತುಂಬಿ ವಿವೇಕ ಮೂಡಿದ ಮಗುವಿಗೆ ನಮಾಜು ಮಾಡೆಂದು ಹಿರಿಯರು ವಿಧಿಸತಕ್ಕದ್ದು. ಹತ್ತರ ಬಳಿಕವೂ ತಪ್ಪಿದರೆ ದಂಡನೆಯುಂಟು. ಆದರೆ ಅದು ಗಾಯಗೊಳಿಸುವಂತಹದಾಗಬಾರದೆಂದು ಪೊನ್ನಾನಿಯ ಝೈನುದ್ದೀನ್ ಮಖ್ದೂಮರು 16ನೆಯ ಶತಮಾನದಲ್ಲಿ ರಚಿಸಿದ ‘ಫತ್‌ಹುಲ್ ಮುಈನ್’ ನಿರ್ಬಂಧಿಸುತ್ತದೆ. ಇದೆಲ್ಲವೂ ಅಭ್ಯಾಸಕ್ಕಾಗಿಯೇ ಹೊರತು ಬಾಲಕನಿಗೆ ಪಾಪವೆಂಬುದಿಲ್ಲ. ದೇಹವು ಪ್ರೌಢವಾದಂದು, ಚಿಹ್ನೆಗಳು ತೋರದಿದ್ದರೆ 15 ಚಾಂದ್ರವರ್ಷ ತುಂಬಿದಂದು, ಅವನು ‘ಬಾಲಿಗ್’. ಅಂದಿನಿಂದ ತನ್ನ ನಡತೆಗೆ ತಾನೇ ಹೊಣೆ. ಸೌರಮಾನದಲ್ಲಿ ಇದು ಹದಿನಾಲ್ಕೂವರೆ ವರ್ಷಕ್ಕಿಂತ ತುಸು ಹೆಚ್ಚು, ಎಂದರೆ ಪ್ರೌಢಶಾಲೆಯ ಪ್ರಾಯ.

ಉಪನಯನದೊಡನೆ ಇದನ್ನು ಹೋಲಿಸುವುದು ಸುಲಭ, ಆದರೆ ಪೂರ್ಣವಾಗಿ ಸರಿಯಲ್ಲ. ಬ್ರಾಹ್ಮಣವಟುವಿಗೆ ಗರ್ಭಾಷ್ಟಮದಲ್ಲಿ ಸಂಸ್ಕಾರದಿಂದಲೇ ಅಧಿಕಾರವುಂಟಾಗುತ್ತದೆ. ಬಾಲಿಗ್ ಆಗುವುದಕ್ಕೆ ಯಾವ ಸಂಸ್ಕಾರವೂ ಬೇಡ. ಆದಕಾರಣ ಹೊಣೆಯು ಸದ್ದಿಲ್ಲದೆ ಬರುತ್ತದೆ. ಮನೆಯವರು ಮುಂಚಿತವಾಗಿಯೇ ತಿಳಿಸಿರದಿದ್ದರೆ ಹುಡುಗನಿಗೆ ಬಂದುದೇ ಗೊತ್ತಾಗದು.

ಈ ಪೂರ್ವಸಿದ್ಧತೆಗೆ ‘ಅದಬ್’ ಎಂದು ಹೆಸರು. ತಂದೆತಾಯಿಗಳೆದುರು ದನಿ ತಗ್ಗಿಸುವುದು, ಬಲಗೈಯಿಂದ ಉಣ್ಣುವುದು, ಗ್ರಂಥವನ್ನು ನೆಲಕ್ಕಿಡದಿರುವುದು, ಅನ್ಯರ ಮನೆಗೆ ಅನುಮತಿಯಿಲ್ಲದೆ ಹೋಗದಿರುವುದು, ಇವೆಲ್ಲವೂ ಅದರೊಳಗೆ ಅಡಕ. ಕನ್ನಡದಲ್ಲಿ ಇದನ್ನು ‘ಮರ್ಯಾದೆ’ ಎನ್ನುವುದುಂಟು. ಆ ಮಾತು ಸಾಲದು. ಅರಬಿಯಲ್ಲಿ ಅದಬ್ ಎಂದರೆ ಸಾಹಿತ್ಯವೂ ಹೌದು: ತಿದ್ದಿದ ನಡೆ, ತಿದ್ದಿದ ನುಡಿ, ಎರಡಕ್ಕೂ ಒಂದೇ ಪದ. ಇದಕ್ಕೆ ಸಮೀಪವಾದುದು ಪ್ರಾಚೀನಾರ್ಥದ ‘ವಿನಯ’. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣವಾದ ವಿನಯಾಧಿಕಾರಿಕದಲ್ಲಿ ಈ ಶಬ್ದಕ್ಕೆ ಶಿಕ್ಷಣವೆಂದು ಅರ್ಥ, ಬರಿಯ ತಗ್ಗುವಿಕೆಯಲ್ಲ.

ಇಲ್ಲಿ ಭಾಷೆಯ ತೊಡಕಿದೆ. ಬಾಲಕನ ಶೀಲದ ಶಬ್ದಗಳೆಲ್ಲ ಮದ್ರಸದ ಭಾಷೆಯವು. ಶಾಲೆಯಲ್ಲಿ ಅವನನ್ನು ತಿದ್ದುವವರ ಶಬ್ದಗಳು ಕನ್ನಡದವು. ಒಂದೇ ಗುಣಕ್ಕೆ ಎರಡು ಹೆಸರಿರುವುದನ್ನು ಅವನಿಗೆ ಯಾರೂ ಹೇಳದಿದ್ದರೆ, ಒಂದು ಮತದ್ದು, ಇನ್ನೊಂದು ಪರೀಕ್ಷೆಯದು ಎಂದು ಅವನು ಬಗೆಯುವನು. ಕನ್ನಡ ಪಾಠದಲ್ಲಿ ‘ವಿನಯ’ ಬಂದಾಗ ಉಪಾಧ್ಯಾಯರು ಅದಬ್ ಎಂದರೇನೆಂದು ಕೇಳಿದಲ್ಲಿ, ಕೌಟಿಲ್ಯನ ಅರ್ಥವು ಆ ಹುಡುಗನ ಬಾಯಿಂದಲೇ ಹೊರಟೀತು.