ಯುಗಾದಿಗೆ ಮನೆ ಕೆಲಸ ಮುಗಿಯುತ್ತಾ?

ಹೊಸೂರಿನ ಮೂಕಂಡಪಲ್ಲಿ. ಒಂದು ಕಡೆ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು, ಇನ್ನೊಂದು ಕಡೆ ಮಹಡಿ ಮೇಲೆ ಮಹಡಿ ಏರುತ್ತಿರುವ ಮನೆಗಳು. ಮನೆ ರಿಪೇರಿಗೆ ಮೇಸ್ತ್ರಿಯನ್ನು ಕರೆದರೆ ಮೊದಲು ಬರುವ ಮಾತು: "ಯುಗಾದಿಯೊಳಗೆ ಮುಗಿಸಿಕೊಡ್ತೀನಿ ಸಾರ್."

ಆದರೆ ಸಿಮೆಂಟಿಗೆ ಅದರದೇ ಲೆಕ್ಕವಿದೆ. ಹೊಸ ಗಾರೆಗೆ ಕನಿಷ್ಠ 7 ದಿನ ನೀರು ಹಾಕಬೇಕು. ಬಣ್ಣ ಬಳಿಯಲು ಸುಮಾರು 28 ದಿನ ಕಾಯುವುದು ವಾಡಿಕೆ. ಅವಸರಪಟ್ಟರೆ ಒಳಗಿನ ತೇವ ಹೊರಬರುತ್ತದೆ: ಮೊದಲು ಗುಳ್ಳೆ, ಆಮೇಲೆ ಬಿಳಿ ಉಪ್ಪಿನ ಪುಡಿ, ಕೊನೆಗೆ ಬೆರಳು ಸೋಕಿದರೂ ಸಿಪ್ಪೆಯಂತೆ ಏಳುವ ಬಣ್ಣ.

ತಾರಸಿ ಸೋರಿಕೆಯ ಕೆಲಸವಂತೂ ತೇವವಿಲ್ಲದ ಬೇಸಿಗೆಯಲ್ಲೇ ಆದರೆ ಒಳ್ಳೆಯದು.

ಇನ್ನು ದುಡ್ಡು. ಚದರಡಿ ದರದಲ್ಲಿ ಏನೇನು ಸೇರಿದೆ? ಒಡೆದ ಟೈಲ್ಸ್ ಸಾಗಿಸುವ ಕೂಲಿ ಯಾರದು? ನೆಲ ಅಗೆದಾಗ ತುಕ್ಕು ಹಿಡಿದ ಪೈಪ್ ಸಿಕ್ಕಿ ಖರ್ಚು ಏರಿದರೆ ಅದು ಮೋಸವಲ್ಲ. ಅದಕ್ಕೆಂದೇ ಸ್ವಲ್ಪ ಹಣ ಎತ್ತಿಟ್ಟಿರಬೇಕು. ಆದರೆ ಪೂರ್ತಿ ಹಣ ಮುಂಗಡವಾಗಿ ಕೇಳಿದರೆ ಕೊಡಲೇಬಾರದು. ಕೆಲಸ ಎಷ್ಟು ಆಗಿದೆಯೋ ಅಷ್ಟಕ್ಕೇ ಕಂತು.

ಕನ್ನಡ, ತೆಲುಗು, ತಮಿಳು ಬೆರೆತ ಊರಿದು. ಮಾತು ಯಾವ ಭಾಷೆಯಲ್ಲೇ ಆಗಲಿ, ಲೆಕ್ಕ ಕಾಗದದ ಮೇಲಿರಲಿ. ಕೆಲಸ ಕೆಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2 ವರ್ಷದೊಳಗೆ ದೂರು ಕೊಡಬಹುದು. ಆಗ ಆ ಕಾಗದ, ರಸೀದಿ, ಫೋಟೋಗಳೇ ಸಾಕ್ಷಿ.