ಹೊಸ್ತಿಲಿನಿಂದ ಚರಂಡಿ ಬಂಡೆಯವರೆಗೆ

ಕೊಟ್ಟೂರು, ಕೂಡ್ಲಿಗಿ ಸೀಮೆಯ ಹಳ್ಳಿಗಳಲ್ಲಿ ಬೆಳಗಾಗೆದ್ದು ಅಂಗಳಕ್ಕೆ ಮೊದಲು ಕಾಲಿಡುವವರು ಮನೆಯ ಹಿರಿಯ ಹೆಣ್ಣುಮಕ್ಕಳು. ಇನ್ನೂ ನಸುಕು. ಒಂದು ಕೈಯಲ್ಲಿ ನೀರಿನ ಬಕೆಟ್ಟು, ಇನ್ನೊಂದರಲ್ಲಿ ಸೀರೆಯ ನೆರಿಗೆ. ಹೊಸ್ತಿಲು ದಾಟಿ, ಕಟ್ಟೆ ಇಳಿದರೆ ಚರಂಡಿಯ ಮೇಲಿನ ಬಂಡೆ. ಅದರಾಚೆ ಸಿಮೆಂಟ್ ರಸ್ತೆ. ಹಳೆಯ ರಸ್ತೆಯ ಮೇಲೆಯೇ ಹೊಸದನ್ನು ಹಾಕುತ್ತ ಬಂದು ಎಷ್ಟೋ ಓಣಿಗಳಲ್ಲಿ ರಸ್ತೆ ಏರಿದೆ, ಮನೆ ತಗ್ಗಿಗೆ ಬಿದ್ದಿದೆ. ಆ ಎತ್ತರ ಸರಿದೂಗಿಸಲು ನಡುವೆ ಒಂದು ಸೈಜುಗಲ್ಲು, ಮೇಲೊಂದು ಒಡೆದ ಕಡಪ ಕಲ್ಲು. ಎಲ್ಲ ಸೇರಿ ಹತ್ತು ಹೆಜ್ಜೆ. ವಯಸ್ಸಾದವರಿಗೆ ಮನೆಯ ಸುತ್ತ ಇದಕ್ಕಿಂತ ಕಷ್ಟದ ದಾರಿ ಇನ್ನೊಂದಿಲ್ಲ.

ನಡೆಯುವಾಗ ಮುಂದಕ್ಕೆ ಸಾಗುವ ಪಾದದ ತುದಿ ನೆಲಕ್ಕೆ ತೀರ ಹತ್ತಿರ ಬಂದಾಗ ನಡುವೆ ಉಳಿಯುವ ಜಾಗ ಸುಮಾರು ಒಂದೂವರೆ ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಬೆರಳಿನ ದಪ್ಪ. ಅಲುಗಾಡುವ ಬಂಡೆಯ ಅಂಚು ಅಷ್ಟು ಎದ್ದಿದ್ದರೆ ಸಾಕು, ಬೆರಳು ತಾಗುತ್ತದೆ. ಮೆಟ್ಟಿಲಿನದು ಇನ್ನೊಂದು ಲೆಕ್ಕ. ಮೊದಲ ಮೆಟ್ಟಿಲಿನ ಎತ್ತರವನ್ನು ಕಾಲು ನೆನಪಿಟ್ಟುಕೊಂಡು ಎರಡನೆಯದಕ್ಕೂ ಅಷ್ಟೇ ಇಳಿಯುತ್ತದೆ. ಎರಡನೆಯದು ಎರಡು ಬೆರಳು ತಗ್ಗಿದ್ದರೆ ಪಾದಕ್ಕೆ ನೆಲ ಸಿಗದೆ ದೇಹದ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಹರೆಯದವರು ಮತ್ತೊಂದು ಹೆಜ್ಜೆ ಹಾಕಿ ಸಾವರಿಸಿಕೊಳ್ಳುತ್ತಾರೆ. ಎಪ್ಪತ್ತರ ತೊಡೆಯ ಸ್ನಾಯುವಿಗೆ ಆ ವೇಗ ಇರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ.

ಬಳ್ಳಾರಿ ಸೀಮೆಯ ಬಿಸಿಲೂ ಇದಕ್ಕೆ ಕೈಜೋಡಿಸುತ್ತದೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕು. ಮಧ್ಯಾಹ್ನದ ಬಿಸಿಲಿನಿಂದ ಪಡಸಾಲೆಗೆ ಕಾಲಿಟ್ಟ ಅಜ್ಜನಿಗೆ ಹೊಸ್ತಿಲು ಕಾಣುವುದೇ ಇಲ್ಲ. ಕಟ್ಟೆಯ ಮೇಲೆ ತಾಸುಗಟ್ಟಲೆ ಕುಳಿತು ದಿಢೀರನೆ ಎದ್ದರೆ ರಕ್ತದೊತ್ತಡ ಕುಸಿದು ಕಣ್ಣಿಗೆ ಕತ್ತಲೆ ಬರುತ್ತದೆ. ನೀರು ಸಾಲದ ದೇಹ, ಬಿಪಿ ಮಾತ್ರೆ ಎರಡೂ ಜೊತೆಯಾದರೆ ಇನ್ನೂ ಬೇಗ. ಎದ್ದು ಕಂಬ ಹಿಡಿದು ಹತ್ತು ಎಣಿಸಿ ಹೆಜ್ಜೆ ಇಡುವುದು ಒಳ್ಳೆಯದು.

ಈ ಭಾಗಕ್ಕೆ ಮತ್ತೊಂದು ಕಷ್ಟವಿದೆ, ಅದು ನೆಲದೊಳಗಿನದು. ಕೂಡ್ಲಿಗಿ ಮತ್ತು ಸುತ್ತಲಿನ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದರೆ ಮಾತ್ರ 1.5ರವರೆಗೆ. ಮಿತಿ ಮೀರಿದ್ದನ್ನು ದಶಕಗಟ್ಟಲೆ ಕುಡಿದವರ ಕತ್ತು, ಬೆನ್ನುಮೂಳೆ ಪೆಡಸಾಗುತ್ತವೆ. ಕತ್ತು ಬಗ್ಗಿಸಿ ಕಾಲಬುಡ ನೋಡಲಾಗದವರಿಗೆ ಆ ಸೈಜುಗಲ್ಲು ಕಾಣುವುದಾದರೂ ಹೇಗೆ? ಫ್ಲೋರೈಡ್ ತುಂಬಿದ ಮೂಳೆ ಎಕ್ಸ್‌ರೇಯಲ್ಲಿ ದಟ್ಟವಾಗಿ ಕಂಡರೂ ಗಟ್ಟಿಯಲ್ಲ. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೂಳೆಸವೆತದ ಮಹಿಳೆಯರಿಗೆ ಸೋಡಿಯಂ ಫ್ಲೋರೈಡ್ ಕೊಟ್ಟು ನೋಡಿದ್ದರು. ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಶೇ 35ರಷ್ಟು ಏರಿತು. ಆದರೆ ಬೆನ್ನುಮೂಳೆ ಬಿಟ್ಟು ಉಳಿದ ಮೂಳೆಗಳ ಮುರಿತ ಕಡಿಮೆಯಾಗುವ ಬದಲು ಹೆಚ್ಚಾಯಿತು.

"ಹೊರಗ ಹೋಗಬ್ಯಾಡ ಬೇ ಯವ್ವಾ, ಮನ್ಯಾಗ ಕುಂದ್ರು" ಎಂದು ಮಕ್ಕಳು ಅಕ್ಕರೆಯಿಂದಲೇ ಹೇಳುತ್ತಾರೆ. ಆದರೆ ಕೂತಷ್ಟೂ ಕಾಲಿನ ಬಲ ಇಳಿಯುತ್ತದೆ. ಸುಧಾರಿಸಬೇಕಾದ್ದು ಆ ಹತ್ತು ಹೆಜ್ಜೆಯ ದಾರಿ. ನ್ಯೂಜಿಲೆಂಡಿನ ತಾರಾನಾಕಿ ಪ್ರದೇಶದಲ್ಲಿ 842 ಮನೆಗಳ ಮೇಲೆ ನಡೆದ, 2015ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿಕೊಟ್ಟಿದೆ. ಮೆಟ್ಟಿಲಿಗೆ ಹಿಡಿಕೆ, ಬಚ್ಚಲಿಗೆ ಹಿಡಿಕೆ, ಹೊರಗೆ ದೀಪ, ಹೊರಮೆಟ್ಟಿಲ ಅಂಚು ಎದ್ದು ಕಾಣುವಂತೆ ಪಟ್ಟಿ, ಜಾರದ ನೆಲ: ಇಂಥ ಸಣ್ಣ ರಿಪೇರಿಗಳಿಂದಲೇ ಮನೆಯಲ್ಲಿ ಬಿದ್ದು ಆಗುವ ಗಾಯಗಳು ಶೇ 26ರಷ್ಟು ಇಳಿದವು.

ಇವೆಲ್ಲ ಊರ ಗೌಂಡಿಗೆ ಒಂದು ದಿನದ ಕೆಲಸ. ಮೆಟ್ಟಿಲುಗಳೆಲ್ಲ ಒಂದೇ ಎತ್ತರ, 15 ಸೆಂಟಿಮೀಟರ್ ಮೀರದಂತೆ. ಕಾಲಿಡುವ ಅಗಲ 30. ಬಂಡೆ ಅಲುಗಾಡದಂತೆ ಸಂದಿಗೆ ಸಿಮೆಂಟ್. ಸೊಂಟದೆತ್ತರಕ್ಕೆ ಒಂದು ಕಬ್ಬಿಣದ ಪೈಪು, ವೆಲ್ಡಿಂಗ್ ಅಂಗಡಿಯವರು ಮಾಡಿಕೊಡುತ್ತಾರೆ. ಬಾಗಿಲ ಮೇಲೊಂದು ಎಲ್‌ಇಡಿ ಬಲ್ಬು, ಸ್ವಿಚ್ಚು ಮಾತ್ರ ಒಳಗೇ ಕೈಗೆ ಸಿಗಬೇಕು. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯಂಥ ಪೇಟೆಗಳಲ್ಲಿ ಹೊಸ ಮನೆ ಕಟ್ಟುವವರು ಕಟ್ಟೆಗೆ ಪಾಲಿಶ್ ಗ್ರಾನೈಟ್ ಹಾಕಿಸುವ ಮೊದಲು ಅದರ ಮೇಲೆ ಒಂದು ತಂಬಿಗೆ ನೀರು ಸುರಿದು ನಡೆದು ನೋಡಲಿ. ಹಡಗಲಿಯ ಮಲ್ಲಿಗೆ ಹಿತ್ತಲುಗಳಲ್ಲಿ ನೀರಿನ ಪೈಪು ಕಾಲುದಾರಿಗೆ ಅಡ್ಡ ಬೀಳದಿರಲಿ.

ದೇಹವನ್ನೂ ಪಳಗಿಸಬಹುದು. 23,000ಕ್ಕೂ ಹೆಚ್ಚು ಹಿರಿಯರನ್ನು ಒಳಗೊಂಡ 108 ಪ್ರಯೋಗಗಳನ್ನು 2019ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ವ್ಯಾಯಾಮದಿಂದ ಬೀಳುವುದು ಶೇ 23ರಷ್ಟು ತಗ್ಗುತ್ತದೆಂದು ಕಂಡಿತು. ಕಾಲಿನ ಬಲ ಮತ್ತು ಸಮತೋಲ ಕಲಿಸುವ ವ್ಯಾಯಾಮವೇ ಇಲ್ಲಿ ಮುಖ್ಯ. ಕಟ್ಟೆಯೇ ಇದಕ್ಕೆ ಸಲಕರಣೆ: ಕೈಯೂರದೆ ಎದ್ದು ಕೂರುವುದು, ಕಂಬ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು.

ಇನ್ನು ಆ ಅಂಚಿನ ಪಟ್ಟಿ. ಈ ಸೀಮೆಯ ಹಳೆಯ ಮನೆಗಳಲ್ಲಿ ಹಬ್ಬ ಬಂತೆಂದರೆ ಕಟ್ಟೆಗೆ ಕೆಮ್ಮಣ್ಣು ಬಳಿದು ಅಂಚಿಗೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಕೆಂಪಿನ ಪಕ್ಕದ ಆ ಬಿಳಿ ಗೆರೆ ನಸುಕಿನಲ್ಲೂ ಮಸುಕುಗಣ್ಣಿಗೆ ಎದ್ದು ಕಾಣುತ್ತಿತ್ತು. ಈಗಿನ ಬೂದು ಸಿಮೆಂಟಿನ ಮೆಟ್ಟಿಲುಗಳಿಗೂ ಎರಡಿಂಚು ಅಗಲದ ಬಿಳಿ ಬಣ್ಣ ಹೊಡೆಯಲು ಒಂದು ಸಣ್ಣ ಡಬ್ಬಿ, ಒಂದು ಬ್ರಷ್ಷು ಸಾಕು.