ಪ್ಯೂಬ್ಲೊ ವನ್ಯಜೀವಿ ಜಲವರ್ಣ ಚಿತ್ರಗಳು

ಪ್ಯೂಬ್ಲೊ ವನ್ಯಜೀವಿ ಜಲವರ್ಣ ಚಿತ್ರಗಳು ಅಮೆರಿಕ ಸಂಯುಕ್ತ ಸಂಸ್ಥಾನದ ನೈರುತ್ಯ ಭಾಗದ ಪ್ಯೂಬ್ಲೊ ಮೂಲನಿವಾಸಿಗಳು 20ನೆಯ ಶತಮಾನದ ಆರಂಭದಿಂದ ಕಾಗದದ ಮೇಲೆ ರಚಿಸಿದ ಪ್ರಾಣಿ-ಪಕ್ಷಿಗಳ ಚಿತ್ರಗಳಾಗಿವೆ. ನ್ಯೂ ಮೆಕ್ಸಿಕೊದ ಸಾನ್ ಇಲ್ಡೆಫಾನ್ಸೊ, ಟಾವೋಸ್ ಮೊದಲಾದ ಗ್ರಾಮಗಳು ಮತ್ತು ಅರಿಜೋನಾದ ಹೋಪಿ ಗ್ರಾಮಗಳು ಈ ಕಲೆಯ ನೆಲೆಗಳು. ‘ಪ್ಯೂಬ್ಲೊ’ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಊರು ಎಂದರ್ಥ.

ಹಿನ್ನೆಲೆ

ಕಾಗದವು ಹೊಸ ಮಾಧ್ಯಮವಾಗಿದ್ದರೂ ಚಿತ್ರಗಳ ವಸ್ತು ಹಳೆಯದು. ಸುಮಾರು ಸಾವಿರ ವರ್ಷಗಳ ಹಿಂದಿನ ಮಿಂಬ್ರೆಸ್ ಮಡಕೆಗಳ ಮೇಲೆ ಮೊಲ, ಮೀನು, ಹಕ್ಕಿ ಹಾಗೂ ಕೀಟಗಳ ಕಪ್ಪು-ಬಿಳುಪು ಚಿತ್ರಗಳಿವೆ. ‘ಕೀವಾ’ ಎಂಬ ಧಾರ್ಮಿಕ ಸಭಾಗೃಹಗಳ ಗೋಡೆಗಳಲ್ಲಿಯೂ ಪ್ರಾಣಿಗಳನ್ನು ಬರೆಯಲಾಗುತ್ತಿತ್ತು. ಜೂನಿ ಮಡಕೆಗಳ ಜಿಂಕೆಯಲ್ಲಿ ಬಾಯಿಯಿಂದ ಹೃದಯದವರೆಗೆ ಸಾಗುವ ‘ಉಸಿರಿನ ಗೆರೆ’ಯು ಪ್ರಸಿದ್ಧವಾಗಿದೆ. ಮಲೆನಾಡಿನ ದೀವರ ಮಹಿಳೆಯರ ಹಸೆ ಚಿತ್ತಾರವು ಮಣ್ಣಿನ ಗೋಡೆಯಿಂದ ಕಾಗದಕ್ಕೆ ಬಂದಂತೆಯೇ ಈ ಆಕೃತಿಗಳೂ ಮಡಕೆ ಮತ್ತು ಗೋಡೆಗಳಿಂದ ಕಾಗದಕ್ಕೆ ಬಂದವು.

ಇತಿಹಾಸ

1910ರ ದಶಕದಲ್ಲಿ ಪುರಾತತ್ತ್ವಜ್ಞ ಎಡ್ಗರ್ ಹೀವೆಟ್ ಸಾನ್ ಇಲ್ಡೆಫಾನ್ಸೊದ ಕಲಾವಿದರಿಗೆ ಪ್ರೋತ್ಸಾಹ ನೀಡಿದರು. ಅವರಲ್ಲಿ ಕ್ರೆಸೆನ್ಸಿಯೊ ಮಾರ್ಟಿನೆಜ್ 1918ರಲ್ಲಿ ನಿಧನರಾದರು. ಅವರ ಸಂಬಂಧಿ ಆವಾ ತ್ಸಿರೆ (1898–1955) ಈ ಕಲೆಯನ್ನು ಮುಂದುವರಿಸಿದರು. ಸರ್ಕಾರಿ ವಸತಿಶಾಲೆಗಳು ಮೂಲನಿವಾಸಿ ಮಕ್ಕಳ ಭಾಷೆ ಮತ್ತು ಆಚರಣೆಗಳನ್ನು ಅಳಿಸಲು ಯತ್ನಿಸುತ್ತಿದ್ದ ಆ ಕಾಲದಲ್ಲಿ, ಸಾಂತಾ ಫೆಯ ಎಲಿಜಬೆತ್ ಡಿಹಫ್ ತಮ್ಮ ಮನೆಯಲ್ಲಿಯೇ ಹೋಪಿ ವಿದ್ಯಾರ್ಥಿ ಫ್ರೆಡ್ ಕಬೋಟಿ ಮೊದಲಾದವರಿಗೆ ಚಿತ್ರ ಬರೆಯಲು ಅವಕಾಶ ಕಲ್ಪಿಸಿದರು. 1931ರಲ್ಲಿ ನ್ಯೂಯಾರ್ಕ್‌ನಲ್ಲಿ ಮೂಲನಿವಾಸಿ ಕಲೆಗಳ ದೊಡ್ಡ ಪ್ರದರ್ಶನ ನಡೆಯಿತು. ಮರುವರ್ಷ ಡೊರೊಥಿ ಡನ್ ಸಾಂತಾ ಫೆ ಇಂಡಿಯನ್ ಶಾಲೆಯಲ್ಲಿ ‘ಸ್ಟುಡಿಯೊ’ ಎಂಬ ಚಿತ್ರಕಲಾ ವಿಭಾಗವನ್ನು ಆರಂಭಿಸಿದರು.

ಶೈಲಿ

ಈ ಚಿತ್ರಗಳಲ್ಲಿ ಸಾಮಾನ್ಯವಾಗಿ ಆಕಾಶ, ನೆಲ, ನೆರಳುಗಳಿರುವುದಿಲ್ಲ. ಖಾಲಿ ಕಾಗದದ ನಡುವೆ ಸ್ಪಷ್ಟ ಹೊರಗೆರೆಯ ಪ್ರಾಣಿ ನಿಂತಿರುತ್ತದೆ. ಅದರೊಳಗೆ ಸಮತಟ್ಟಾಗಿ ಬಣ್ಣ ತುಂಬಲಾಗುತ್ತದೆ. ಆವಾ ತ್ಸಿರೆಯವರು ಸ್ಕಂಕ್‌ನಂತಹ ಪ್ರಾಣಿಗಳನ್ನು ಮಡಕೆಯ ಜ್ಯಾಮಿತೀಯ ವಿನ್ಯಾಸಗಳೊಂದಿಗೆ ಹಾಸ್ಯಮಯವಾಗಿ ಚಿತ್ರಿಸಿದರು. ಟಾವೋಸ್‌ನ ಪಾಪ್ ಚಾಲೀ (1906–1993) ಕಾಡಿನ ನಡುವೆ ಜಿಗಿಯುವ ಜಿಂಕೆಗಳಿಗೆ ಹೆಸರಾದರು. ಜಿಂಕೆ, ಹದ್ದು ಮತ್ತು ಕಾಡೆಮ್ಮೆಗಳ ವೇಷ ಧರಿಸಿದ ನರ್ತಕರ ಚಿತ್ರಗಳೂ ಹೇರಳವಾಗಿವೆ.

ಗೌಪ್ಯತೆಯ ಪ್ರಶ್ನೆ

ಪ್ಯೂಬ್ಲೊ ಸಮುದಾಯಗಳಲ್ಲಿ ಧಾರ್ಮಿಕ ಜ್ಞಾನವನ್ನು ಹೊರಗಿನವರಿಗೆ ತಿಳಿಸುವಂತಿಲ್ಲ. ಆದ್ದರಿಂದ ಆಚರಣೆಗಳನ್ನು ಚಿತ್ರಿಸಿ ಮಾರಿದ ಕೆಲವು ಕಲಾವಿದರು ತಮ್ಮ ಊರಿನವರ ವಿರೋಧವನ್ನು ಎದುರಿಸಬೇಕಾಯಿತು. ಪ್ರಾಣಿಗಳ ಚಿತ್ರಣದಲ್ಲಿ ಈ ತೊಡಕು ಕಡಿಮೆಯಿತ್ತು. ಕೊಳ್ಳುವವನಿಗೆ ಅದು ಅಂದವಾದ ಜಿಂಕೆಯಾಗಿ ಕಂಡರೆ, ಬರೆದವರ ಸಮುದಾಯಕ್ಕೆ ಅದು ಬೇಟೆ, ಮಳೆ ಹಾಗೂ ಪ್ರಾರ್ಥನೆಗಳೊಡನೆ ಸಂಬಂಧ ಹೊಂದಿದ ಜೀವಿಯಾಗಿತ್ತು.

ವಿಮರ್ಶೆ

ಡನ್ ಅವರು ಸಮತಟ್ಟಾದ ಶೈಲಿಯನ್ನೇ ಮೂಲನಿವಾಸಿ ಕಲೆಯ ಲಕ್ಷಣವೆಂದು ಭಾವಿಸಿ, ನೆರಳು-ಬೆಳಕು ಹಾಗೂ ಯಥಾದೃಷ್ಟಿಯ ಬಳಕೆಯನ್ನು ಪ್ರೋತ್ಸಾಹಿಸಲಿಲ್ಲ. ಮುಂದೆ ಈ ಬಗೆಯ ಚಿತ್ರಗಳನ್ನು ‘ಬ್ಯಾಂಬಿ ಶೈಲಿ’ ಎಂದು ಹೀಗಳೆದದ್ದೂ ಉಂಟು. ಸ್ಟುಡಿಯೊದಲ್ಲಿ ಕಲಿತ ಡಕೋಟಾ ಕಲಾವಿದ ಆಸ್ಕರ್ ಹೌ ಅವರ ಕೃತಿಯನ್ನು 1958ರಲ್ಲಿ ಫಿಲ್‌ಬ್ರೂಕ್ ಕಲಾ ಸಂಗ್ರಹಾಲಯದ ಸ್ಪರ್ಧೆಯು ಸಾಂಪ್ರದಾಯಿಕ ಇಂಡಿಯನ್ ಶೈಲಿಯಲ್ಲಿಲ್ಲವೆಂಬ ಕಾರಣಕ್ಕೆ ತಿರಸ್ಕರಿಸಿತು. ಅವರು ಪತ್ರ ಬರೆದು ಪ್ರತಿಭಟಿಸಿದರು. ಒಂದು ಸಮುದಾಯದ ಕಲೆ ಹೇಗಿರಬೇಕೆಂದು ನಿರ್ಧರಿಸುವವರು ಯಾರು ಎಂಬ ಚರ್ಚೆಗೆ ಇದು ಪ್ರಮುಖ ಉದಾಹರಣೆಯಾಯಿತು. 1962ರಲ್ಲಿ ಸಾಂತಾ ಫೆಯಲ್ಲಿ ಆರಂಭವಾದ ಅಮೆರಿಕನ್ ಇಂಡಿಯನ್ ಕಲೆಗಳ ಸಂಸ್ಥೆಯು ಹೊಸ ಪ್ರಯೋಗಗಳಿಗೆ ಅವಕಾಶ ನೀಡಿತು.

ಸಂಗ್ರಹ

ಆವಾ ತ್ಸಿರೆ ಮತ್ತು ಅವರ ಸಮಕಾಲೀನರ ಕೃತಿಗಳು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಅಮೆರಿಕನ್ ಕಲಾ ಸಂಗ್ರಹಾಲಯದಲ್ಲಿವೆ.